ಬಸ್ಸು ನಿಲ್ಲದ ಜಾಗಗಳು

ನಮ್ಮ ಸಾಯಗಾಂವದ ಶಾಲೆಯಿಂದ ವರ್ಷಕ್ಕೊಮ್ಮೆ ಮಕ್ಕಳನ್ನು ಬೀದರಕ್ಕೆ ಕರೆದುಕೊಂಡು ಹೋಗುವ ರೂಢಿಯಿದೆ. ಡಿಸೆಂಬರಿನ ಥಂಡಿಯಲ್ಲಿ ನಸುಕಿನಲ್ಲೇ ಬಸ್ಸು ಹೊರಡುತ್ತದೆ. ಹುಡುಗಿಯರು ಕಟ್ಟಿಕೊಂಡು ಬಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯದ ವಾಸನೆ ಭಾಲ್ಕಿ ಮುಟ್ಟುವುದರೊಳಗೆ ಬಸ್ಸನ್ನೆಲ್ಲ ತುಂಬಿಕೊಳ್ಳುತ್ತದೆ. ಬೀದರದಲ್ಲಿ ನೋಡುವುದು ಯಾವಾಗಲೂ ಅವೇ: ಕೋಟೆ, ಮಹಮೂದ್ ಗವಾನನ ಮದರಸಾ, ಗುರುದ್ವಾರದ ನಾನಕ್ ಝೀರಾ, ಎದೆಮಟ್ಟ ನೀರಿನಲ್ಲಿ ನಡೆದು ದರ್ಶನ ಪಡೆಯುವ ಝರಣಿ ನರಸಿಂಹ. ಹೊತ್ತು ಉಳಿದರೆ ಪಾಪನಾಶ. ದೀಪ ಹಚ್ಚುವ ಹೊತ್ತಿಗೆ ಊರು.

ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಹೀಗೆ ಹೋಗಿ ಬಂದಿದ್ದೇನೆ. ಕೋಟೆಯ ಬಾಗಿಲಲ್ಲಿ ಮಕ್ಕಳ ತಲೆ ಎಣಿಸುವುದು, ಒಳಗೆ ಹೋಗಿ ಎಣಿಸುವುದು, ಹೊರಗೆ ಬಂದು ಮತ್ತೆ ಎಣಿಸುವುದು. ಅಷ್ಟರಲ್ಲಿ ಇತಿಹಾಸ ಮುಗಿದಿರುತ್ತದೆ. ಸಮಾಜ ವಿಜ್ಞಾನ ಹೇಳುವ ಮಾಸ್ತರಬಾಯಿ ಎಂದು ಊರಲ್ಲಿ ನನಗೆ ಹೆಸರು. ಬಹಮನಿ ಸುಲ್ತಾನರ ಪಟ್ಟಿಯನ್ನು ಇಸವಿ ಸಮೇತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಬೀದರ ಎಂಬ ಊರನ್ನು ನಾನು ನೋಡಿರಲಿಲ್ಲ. ಬಸ್ಸು ನಿಂತಲ್ಲಿ ಇಳಿದಿದ್ದೆ, ಅಷ್ಟೆ.

ನೋಡಿದ್ದವರು ನಮ್ಮ ಅತ್ತೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಹೋಳಿ ಹುಣ್ಣಿಮೆ ಕಳೆದು ಇಪ್ಪತ್ತನೆಯ ದಿನಕ್ಕೆ ಅಷ್ಟೂರಿನಲ್ಲಿ ಉರುಸು ನಡೆಯುತ್ತದೆ. ಬಹಮನಿ ಅರಸರ ಗೋರಿಗಳಿರುವ ಊರು ಅದು. ಬೀದರದಿಂದ ಮೂರು ನಾಲ್ಕು ಕಿಲೋಮೀಟರು ಪೂರ್ವಕ್ಕೆ. ಅತ್ತೆ ಪ್ರತಿವರ್ಷ ಒಂದು ತೆಂಗಿನಕಾಯಿ, ಊದಿನಕಡ್ಡಿ ಚೀಲದಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಎಲ್ಲಿಗೆ ಎಂದರೆ, “ಅಷ್ಟೂರ ಅಲ್ಲಮಪ್ರಭುವಿನ ಜಾತ್ರಿಗೆ” ಎನ್ನುತ್ತಿದ್ದರು. ನಾನು ಆ ಮನೆಗೆ ಸೊಸೆಯಾಗಿ ಬಂದ ಎರಡನೆಯ ವರ್ಷ ನನ್ನನ್ನೂ ಕರೆದರು. ಬಿ.ಎಡ್. ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ. “ಅತ್ತೀ, ಅದು ಅಲ್ಲಮಪ್ರಭುವಿನದಲ್ಲ. ಅಹಮದ್ ಶಾಹ ಎಂಬ ಸುಲ್ತಾನನ ಗೋರಿ. 1422ರಿಂದ 1436ರವರೆಗೆ ಆಳಿದ. ಅಲ್ಲಮಪ್ರಭು ಹನ್ನೆರಡನೆಯ ಶತಮಾನದವರು” ಎಂದು ತರಗತಿಯಲ್ಲಿ ಹೇಳುವ ಧ್ವನಿಯಲ್ಲೇ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು, “ಇರಬಹುದವ್ವ, ನಿನ್ನ ಪುಸ್ತಕದಾಗ ಹಂಗ ಬರದಿರಬೇಕು” ಎಂದರು. ಮುಂದೆ ಒಮ್ಮೆಯೂ ನನ್ನನ್ನು ಕರೆಯಲಿಲ್ಲ. ನಾನೂ ಕೇಳಲಿಲ್ಲ.

ಅತ್ತೆ ತೀರಿಕೊಂಡ ಮರುವರ್ಷ, ಎಸ್.ಎಸ್.ಎಲ್.ಸಿ. ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ನಾನು ಏಪ್ರಿಲ್‌ನಲ್ಲಿ ಕೆಲವು ದಿನ ಬೀದರದಲ್ಲಿ ಉಳಿಯಬೇಕಾಯಿತು. ನನ್ನ ಪಕ್ಕದ ಕುರ್ಚಿಯಲ್ಲಿ ಉರ್ದು ಮಾಧ್ಯಮದ ಒಬ್ಬ ಶಿಕ್ಷಕಿ ಇದ್ದರು. ಬೀದರದ ಹಳೆಯ ಊರಿನಲ್ಲೇ ಹುಟ್ಟಿ ಬೆಳೆದವರು. ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಂದು ದಿನ ಮಧ್ಯಾಹ್ನಕ್ಕೇ ಕೆಲಸ ಮುಗಿಯಿತು. “ನಮ್ಮ ಊರು ನೋಡೀರೇನು?” ಎಂದು ಕೇಳಿದರು. ಪ್ರತಿವರ್ಷ ನೋಡುತ್ತೇನೆ ಎಂದೆ. “ಏನೇನು ನೋಡೀರಿ ಹೇಳ್ರಿ” ಎಂದರು. ಹೇಳಿದೆ. ಆಪಾ ನಕ್ಕು ಚಪ್ಪಲಿ ಮೆಟ್ಟಿಕೊಂಡರು.

ಮೊದಲು ಕರೆದೊಯ್ದದ್ದು ಚೌಬಾರಕ್ಕೆ. ಹಳೆಯ ಊರಿನ ನಟ್ಟನಡುವೆ, ನಾಲ್ಕು ದಾರಿ ಕೂಡುವ ಕಡೆ ಎದ್ದು ನಿಂತಿರುವ ದುಂಡನೆಯ ಗೋಪುರ ಅದು. ಎತ್ತರ 71 ಅಡಿ. ಒಳಗೆ ಸುತ್ತು ಮೆಟ್ಟಿಲಿದೆ. ಊರಿನ ಕಾವಲಿಗೆಂದು ಕಟ್ಟಿದ್ದು. ಮೇಲೆ ನಿಂತವನಿಗೆ ಸುತ್ತಣ ಬಯಲೆಲ್ಲ ಕಾಣುತ್ತದೆ. ಇದರ ಬುಡದಲ್ಲಿ ಬಳೆ, ಹಣ್ಣು, ಬಟ್ಟೆಯ ಅಂಗಡಿಗಳ ಗದ್ದಲ. ನಾನು ಇಲ್ಲೇ ಎಷ್ಟೋ ಸಲ ಬಳೆ ತೊಟ್ಟಿದ್ದೇನೆ. ಬಳೆಯವನ ಕೈ ನೋಡಿದ್ದೆನೇ ಹೊರತು ತಲೆಯೆತ್ತಿ ಗೋಪುರ ನೋಡಿರಲಿಲ್ಲ.

ಕೋಟೆಯ ಹೊರಗಿನ ಈ ಊರಿಗೂ ಬೇರೆಯೇ ಗೋಡೆಯಿದೆ, ಐದು ಬಾಗಿಲಿವೆ. ಶಾಹಗಂಜ್, ಫತೇಹ್, ಮಂಗಲಪೇಟ, ತಾಲಘಾಟ್ ಮತ್ತು ದುಲ್ಹನ್ ದರವಾಜಾ. ದುಲ್ಹನ್ ಎಂದರೆ ಮದುಮಗಳು. ಅಹಮದ್ ಶಾಹ 1420ರ ದಶಕದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು ಪಾಠದಲ್ಲಿದೆ. ಊರಿನ ಒಂದು ಹೆಬ್ಬಾಗಿಲಿಗೆ ಮದುಮಗಳ ಹೆಸರಿದೆ ಎಂಬುದು ಪಾಠದಲ್ಲಿಲ್ಲ.

ಕೋಟೆಯ ಕಡೆ ಹೋಗುವ ದಾರಿಯಲ್ಲೇ ತಖ್ತೆ ಕಿರ್ಮಾನಿ ಇದೆ. ಎತ್ತರವಾದ ಕಮಾನು, ಅದರ ಮೇಲೆ ಗಾರೆಯಲ್ಲಿ ತೆಗೆದ ಹೂಬಳ್ಳಿ. ಗಾರೆ ಎಂದರೆ ನಂಬಲಾಗದಷ್ಟು ನಯ. ಸಣ್ಣ ಸೂಜಿಯಲ್ಲಿ ಕಸೂತಿ ಹಾಕಿದಂತಿದೆ. ಅಹಮದ್ ಶಾಹನಿಗೆ ಇರಾನಿನ ಕಿರ್ಮಾನದ ಸೂಫಿ ಸಂತ ಶಾಹ ನಿಯಾಮತುಲ್ಲಾ ಅವರಲ್ಲಿ ಬಹಳ ಭಕ್ತಿ. ಬರಬೇಕೆಂದು ಹೇಳಿಕಳಿಸಿದ. ಅವರು ತಾವು ಬಾರದೆ ಮೊಮ್ಮಗನನ್ನು ಕಳಿಸಿದರು. ಅವರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಬೀದರಕ್ಕೆ ಬಂದು ನೆಲೆಸಿದರು. ಆ ಖಲೀಲುಲ್ಲಾ ಅವರದೆಂದು ಹೇಳುವ ಆಸನ ಈ ಕಟ್ಟಡದಲ್ಲಿದೆ. ತಖ್ತ್ ಎಂದರೆ ಆಸನ, ಅದರಿಂದಲೇ ಹೆಸರು. ಮದರಸಾಕ್ಕೆ ಮಕ್ಕಳನ್ನು ಸಾಲು ಹಿಡಿಸಿ ನಡೆಸುವಾಗಲೆಲ್ಲ ಇಷ್ಟು ಹತ್ತಿರ ಬಂದು ಹೋಗಿದ್ದೆ.

ಆಮೇಲೆ ಆಟೋ ಹಿಡಿದು ಅಷ್ಟೂರಿನ ದಾರಿಗೆ ಬಿದ್ದೆವು. ದಾರಿಯಲ್ಲಿ ಎತ್ತರದ ಮೇಲೆ ಚೌಖಂಡಿ. ಇದು ಅದೇ ಖಲೀಲುಲ್ಲಾ ಅವರ ಸಮಾಧಿ. ಮೆಟ್ಟಿಲು ಹತ್ತಿ ಹೋಗಬೇಕು. ಹೊರಗಿನದು ಎಂಟು ಮೂಲೆಯ ಎರಡಂತಸ್ತಿನ ಗೋಡೆ, ಒಳಗೆ ಚೌಕವಾದ ಗೋರಿಯ ಕಟ್ಟಡ. ಬೇರೆ ಗೋರಿಗಳಂತೆ ದೂರದಿಂದಲೇ ಗುಮ್ಮಟ ಕಾಣುವುದಿಲ್ಲ, ಆದ್ದರಿಂದ ಹೋಗುವವರ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಆದರೆ ಬಾಗಿಲಿಗೆ ಬಂದು ನೋಡಬೇಕು. ಕಮಾನಿನ ಅಂಚಿಗೆ ಕರಿಕಲ್ಲಿನ ಪಟ್ಟಿ, ಅದರಲ್ಲಿ ಹಗ್ಗ ಹೊಸೆದಂತೆ ಕೆತ್ತನೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಅರಬ್ಬೀ ಅಕ್ಷರಗಳು ಒಂದರ ಮೈಮೇಲೆ ಒಂದು ಹರಿದಾಡುತ್ತವೆ. ಬರೆದ ಕಲಾವಿದ ಶಿರಾಜ್ ಊರಿನ ಮುಘೀಸ್. ಅಕ್ಷರ ಬರೆದವನ ಹೆಸರು ಐದುನೂರು ವರ್ಷದ ಮೇಲೆ ಉಳಿದದ್ದು ಕಂಡು, ದಿನಾ ಕಪ್ಪು ಹಲಗೆಯ ಮೇಲೆ ಬರೆದು ದಿನಾ ಒರೆಸುವ ನನಗೆ ಸ್ವಲ್ಪ ಅಸೂಯೆಯಾಯಿತು.

ಅಷ್ಟೂರು ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಜಾತ್ರೆ ನಾಲ್ಕು ದಿನದ ಹಿಂದಷ್ಟೇ ಮುಗಿದಿತ್ತು. ತೆಂಗಿನ ಚಿಪ್ಪು, ಬಾಡಿದ ಹೂ, ಬತ್ತಾಸಿನ ಕಾಗದ ಇನ್ನೂ ಅಲ್ಲಲ್ಲಿ ಬಿದ್ದಿದ್ದವು. ಅಹಮದ್ ಶಾಹನನ್ನು ಜನ ವಲಿ ಎಂದರು, ಅಂದರೆ ಸಂತ. ಮುಸಲ್ಮಾನರಿಗೆ ಅವನು ವಲಿಯಾದರೆ, ನಮ್ಮ ಕಡೆಯ ಲಿಂಗಾಯತರಿಗೆ, ಉಳಿದ ಹಿಂದೂಗಳಿಗೆ ಅಲ್ಲಮಪ್ರಭು. ಉರುಸಿನ ದಿನ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಶಂಖ ಊದಿ, ಕಾಯಿ ಒಡೆದು, ಹೂ ಏರಿಸುತ್ತಾರೆ. ಉರುಸಿನ ದಿನ ಗೊತ್ತಾಗುವುದೂ ನಮ್ಮ ಪಂಚಾಂಗದ ಲೆಕ್ಕದಿಂದಲೇ. ಇಷ್ಟು ಶತಮಾನ ಎರಡೂ ಕಡೆಯ ಜನ ಒಂದೇ ಗೋರಿಯ ಮುಂದೆ ತಲೆಬಾಗಿದ್ದಾರೆ. ನಾನು ಇಸವಿ ಹೇಳಿ ಸರಿಪಡಿಸಲು ಹೋದದ್ದು ಇದನ್ನು!

ಒಳಗೆ ಕಾಲಿಟ್ಟರೆ ಕತ್ತಲು. ಕಾವಲಿನಾತ ಬಾಗಿಲ ಹೊರಗೆ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದ. ಗುಮ್ಮಟದ ಒಳಮೈ ಒಮ್ಮೆಲೇ ಹೊತ್ತಿಕೊಂಡಂತಾಯಿತು. ಕುಂಕುಮದ ಕೆಂಪು, ನವಿಲಿನ ನೀಲಿ, ಅದರ ನಡುವೆ ಬಂಗಾರದ ಅಕ್ಷರಗಳು. ಇಲಕಲ್ಲ ಸೀರೆಯ ಸೆರಗನ್ನು ಯಾರೋ ಆಕಾಶಕ್ಕೆ ಹರವಿದ ಹಾಗೆ. ಬೆಳಕು ಸರಿದಲ್ಲಿ ಒಂದು ಬಳ್ಳಿ ಕಾಣುತ್ತದೆ, ಮುಂದೆ ಸರಿದರೆ ಅದು ಕತ್ತಲಾಗಿ ಇನ್ನೊಂದು ಸಾಲು ಕಾಣುತ್ತದೆ. ಅತ್ತೆ ವರ್ಷಕ್ಕೊಮ್ಮೆ ತಲೆಯೆತ್ತಿ ನೋಡಿ ಬರುತ್ತಿದ್ದುದು ಇದನ್ನೇ ಇರಬೇಕು. ಮನೆಗೆ ಬಂದು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನಾನು ಯಾವ ಶತಮಾನದ ಬಣ್ಣ ಎಂದು ಕೇಳುತ್ತಿದ್ದೆನೇನೋ.

ಹೊರಗೆ ಸಾಲಾಗಿ ಗೋರಿಗಳು. ಒಂದರ ಗುಮ್ಮಟ ಸಿಡಿಲು ಬಡಿದು ಒಡೆದಿದೆ. ಅರ್ಧ ಹೋಳಾದ ತೆಂಗಿನಕಾಯಿಯಂತೆ ಒಳಗಿನ ದಪ್ಪವೆಲ್ಲ ಕಾಣುತ್ತದೆ. ಅದು ಹುಮಾಯೂನ್ ಶಾಹನದು. 1458ರಿಂದ 1461ರವರೆಗೆ ಮೂರೇ ವರ್ಷ ಆಳಿ ‘ಜಾಲಿಮ್’ ಎಂದರೆ ಕ್ರೂರಿ ಎಂಬ ಹೆಸರು ಪಡೆದ. ದೇವರೇ ಶಿಕ್ಷೆ ಕೊಟ್ಟ ಎನ್ನುತ್ತಾರೆ ಜನ. ಈ ಕಥೆ ನನಗೆ ಗೊತ್ತಿತ್ತು. ಅದರ ಹತ್ತಿರದ ಸಾದಾ ಕಟ್ಟಡವೊಂದನ್ನು ತೋರಿಸಿ ಆಪಾ, “ಇದು ಅವನ ಬೇಗಂದು ಅಂತಾರ. ಮಲಿಕಾ ಜಹಾನ್” ಎಂದರು.

ಮಖ್ದೂಮಾ ಜಹಾನ್ ನರ್ಗಿಸ್ ಬೇಗಂ. ಹೆಸರು ನಾನು ಓದಿದ್ದೆ, ಯಾವುದೋ ಪುಟದ ಒಂದು ಸಾಲಿನಲ್ಲಿ. ಮಕ್ಕಳಿಗೆ ಕೊಡುವ ನೋಟ್ಸಿಗೆ ಅದು ಎಂದೂ ಬಂದಿರಲಿಲ್ಲ. ಊರಿಗೆ ಮರಳಿದ ಮೇಲೆ ನನ್ನ ಬಿ.ಎ. ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಧೂಳು ಜಾಡಿಸಿ ಕೂತೆ. ಗಂಡ ಸತ್ತಾಗ ಅವಳ ಮಗ ನಿಜಾಮ್ ಶಾಹನಿಗೆ ಎಂಟು ವರ್ಷ. ನಮ್ಮಲ್ಲಿ ಮೂರನೇ ಇಯತ್ತೆಯ ಹುಡುಗ. ಅವನನ್ನು ಗದ್ದಿಗೆಯ ಮೇಲೆ ಕೂಡಿಸಿ, ಖ್ವಾಜಾ ಜಹಾನ್ ತುರ್ಕ್ ಮತ್ತು ಮಹಮೂದ್ ಗವಾನ್ ಇಬ್ಬರನ್ನೂ ಜೊತೆಗಿಟ್ಟುಕೊಂಡು ರಾಜ್ಯ ನಡೆಸಿದವಳು ಇವಳು. ಹುಡುಗ ಅರಸ, ವಿಧವೆ ತಾಯಿ ಎಂದು ಕಂಡ ಕೂಡಲೇ ಅಕ್ಕಪಕ್ಕದವರು ಏರಿಬಂದರು. ಮಾಳವದ ಸುಲ್ತಾನ ಬೀದರಕ್ಕೇ ಮುತ್ತಿಗೆ ಹಾಕಿದ. ಅವಳು ಮಗನನ್ನು ಕರೆದುಕೊಂಡು ಭೀಮಾ ತೀರದ ಫಿರೋಜಾಬಾದಿಗೆ ಸರಿದು, ಗುಜರಾತಿನ ಸುಲ್ತಾನನ ನೆರವು ಕೇಳಿದಳು. ಆತ ದಂಡು ಕಟ್ಟಿಕೊಂಡು ಬಂದ; ಮಾಳವದವರು ಮರಳಿದರು.

1463ರಲ್ಲಿ ಆ ಮಗ ತೀರಿಕೊಂಡ. ಮಗನನ್ನು ಮಣ್ಣು ಮಾಡಿ ಅವಳು ಎರಡನೆಯವನನ್ನು ಗದ್ದಿಗೆಗೆ ಏರಿಸಿದಳು. ಅವನೂ ಹುಡುಗನೇ, ಮೂರನೇ ಮುಹಮ್ಮದ್ ಶಾಹ. ಅಧಿಕಾರವನ್ನೆಲ್ಲ ತನ್ನ ಕೈಗೆ ಎಳೆದುಕೊಳ್ಳುತ್ತಿದ್ದ ಖ್ವಾಜಾ ಜಹಾನನನ್ನು ಕೊಲ್ಲಿಸಿದಳು. ಆದ್ದರಿಂದ ಅವಳನ್ನು ಸಾಧ್ವಿ ಎಂದು ನಾನು ಹೊಗಳಲಾರೆ. ಅರಸರು ಮಾಡಿದ್ದನ್ನೇ ಅವಳೂ ಮಾಡಿದಳು. ಮಗ ಪ್ರಾಯಕ್ಕೆ ಬಂದ ಮೇಲೆ ಆಡಳಿತವನ್ನು ಅವನಿಗೆ ಬಿಟ್ಟು ಹಿಂದೆ ಸರಿದಳು. ಆ ಕಾಲದಲ್ಲಿ ರಷ್ಯಾದಿಂದ ಬೀದರಕ್ಕೆ ಬಂದಿದ್ದ ವ್ಯಾಪಾರಿ ಅಫನಾಸಿ ನಿಕಿಟಿನ್ ತನ್ನ ಪ್ರವಾಸದ ಬರಹದಲ್ಲಿ, ಸುಲ್ತಾನ ತಾಯಿ ಮತ್ತು ಹೆಂಡತಿಯೊಡನೆ ಆನೆ ಕುದುರೆಗಳ ಸಮೇತ ಸವಾರಿ ಹೊರಡುತ್ತಿದ್ದುದನ್ನು ಹೇಳಿದ್ದಾನೆ. 1472ರ ಸುಮಾರಿಗೆ ಮಗ ಬೆಳಗಾವಿಗೆ ಮುತ್ತಿಗೆ ಹಾಕಲು ಹೋದಾಗಲೂ ತಾಯಿ ಜೊತೆಗಿದ್ದಳು. ಅಲ್ಲಿಯೇ ತೀರಿಕೊಂಡಳು. ಅವಳ ದೇಹವನ್ನು ಬೆಳಗಾವಿಯಿಂದ ಬೀದರಕ್ಕೆ ತಂದರು.

ಗವಾನನ ಮದರಸಾ ಕಟ್ಟಿ ಮುಗಿದದ್ದೂ 1472ರಲ್ಲೇ. ಆ ಇಸವಿಯನ್ನು ನಾನು ವರ್ಷವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಅದೇ ಹೊತ್ತಿಗೆ ಆ ರಾಜ್ಯವನ್ನು ಕಾಪಾಡಿ ಕೊಟ್ಟವಳ ದೇಹ ಇಷ್ಟು ದೂರ ದಾರಿ ಸವೆಸಿ ಬಂತು ಎಂಬುದು ನನಗೇ ಹೊಳೆದಿರಲಿಲ್ಲ. ಅವಳಿದ್ದಿದ್ದರೆ ಮುಂದಿನದು ಬೇರೆಯಾಗುತ್ತಿತ್ತೇನೋ. ಒಂಬತ್ತು ವರ್ಷಕ್ಕೆ, 1481ರಲ್ಲಿ, ಸುಳ್ಳು ಪತ್ರವೊಂದನ್ನು ನಂಬಿ ಅದೇ ಮಗ ಗವಾನನ ತಲೆ ತೆಗೆಸಿದ. ಅಷ್ಟು ದೊಡ್ಡ ಮದರಸಾ ಕಟ್ಟಿಸಿದವನ ಸಮಾಧಿ ಗೋರನಳ್ಳಿಯಲ್ಲಿ ತೆರೆದ ಕಟ್ಟೆಯ ಮೇಲಿದೆ; ಗುಮ್ಮಟವಿಲ್ಲ, ಆಡಂಬರವಿಲ್ಲ. ಅಲ್ಲಿಗೂ ಬಸ್ಸು ಹೋಗುವುದಿಲ್ಲ.

ಅಷ್ಟೂರಿನಲ್ಲಿ ಆಪಾ ಇನ್ನೊಂದು ಮಾತು ಹೇಳಿಕೊಟ್ಟರು. ಗೋರಿ ಗಂಡಸಿನದೋ ಹೆಂಗಸಿನದೋ ಎಂದು ತಿಳಿಯುವ ಬಗೆ. ಸಾಮಾನ್ಯವಾಗಿ ಗಂಡಸಿನ ಗೋರಿಯ ಮೇಲೆ ಕಲಮದಾನಿಯಂತೆ, ಎಂದರೆ ಲೇಖನಿ ಇಡುವ ಪೆಟ್ಟಿಗೆಯಂತೆ, ಉದ್ದನೆಯ ಏಣು ಇರುತ್ತದೆ. ಹೆಂಗಸಿನದರ ಮೇಲೆ ಚಪ್ಪಟೆಯಾದ ತಖ್ತಿ. ತಖ್ತಿ ಎಂದರೆ ಬರೆಯುವ ಹಲಗೆ, ನಮ್ಮ ಪಾಟಿ. “ಲೇಖನಿ ಅವರ ಕೈಯಾಗ, ಪಾಟಿ ನಮಗ” ಎಂದು ಆಪಾ ನಕ್ಕರು. ನಾನೂ ನಕ್ಕೆ. ಆದರೆ ಆಟೋದಲ್ಲಿ ಮರಳುವಾಗ ಇಬ್ಬರೂ ಮಾತಾಡಲಿಲ್ಲ.

ಆ ಮಾತು ಭಾನುವಾರ ಬರೀದಶಾಹಿ ಗೋರಿಗಳ ತೋಟದಲ್ಲಿ ಮತ್ತೆ ನೆನಪಾಯಿತು. ಬಹಮನಿಗಳ ನಂತರ ಬೀದರವನ್ನು ಆಳಿದವರು ಬರೀದಶಾಹಿಗಳು. ಊರಿನ ಪಶ್ಚಿಮಕ್ಕೆ ಅವರ ಗೋರಿಗಳಿವೆ. 1580ರಲ್ಲಿ ತೀರಿಕೊಂಡ ಅಲಿ ಬರೀದನದು ನಾಲ್ಕೂ ಕಡೆ ತೆರೆದದ್ದು. ಗಾಳಿ ಬೆಳಕು ಆರಾಮಾಗಿ ಹಾಯ್ದು ಹೋಗುತ್ತವೆ. ಒಳಗೆ ಬಣ್ಣದ ಹೆಂಚಿನ ಮೇಲೆ ಪಾರ್ಸಿ ಕವಿತೆ ಬರೆಸಿದ್ದಾನೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ರಸಿಕನೂ ಇವನೇ. ಸಂಜೆ ಮಕ್ಕಳು ಅಲ್ಲಿ ಆಡುತ್ತಾರೆ, ಮುದುಕರು ಗಾಳಿ ತಿನ್ನುತ್ತಾರೆ. ಆದರೆ ಹತ್ತಿರವೇ ಒಂದು ಕಲ್ಲುಕಟ್ಟೆಯಿದೆ. ಅದರ ಮೇಲೆ ಅಲಿ ಬರೀದನ ಉಪಪತ್ನಿಯರ ಗೋರಿಗಳು. 67 ಎಂದು ಲೆಕ್ಕ ಹೇಳುತ್ತಾರೆ. ಸುತ್ತಲಿನ ದೊರೆಗಳು ಕಪ್ಪಕಾಣಿಕೆಯ ಜೊತೆ ಕಳಿಸಿದ ಹೆಣ್ಣುಮಕ್ಕಳಂತೆ. ನನಗೆ ಒಂದರ ಮೇಲೂ ಹೆಸರು ಕಾಣಲಿಲ್ಲ. ನಮ್ಮ ತರಗತಿಯಲ್ಲಿ ಹಾಜರಿ ಹಾಕುವಾಗ ಅರವತ್ತೇಳು ಹೆಸರು ಕೂಗಲು ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತು. ಆ ಕಟ್ಟೆಯ ಮುಂದೆ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದೆ.

ಊರಿಗೆ ಮರಳುವ ದಿನ ಆಪಾ ನೌಬಾದಿನವರೆಗೆ ಬಂದರು. ನಮ್ಮ ಬಸ್ಸಿನ ದಾರಿ ಅದು. ಅಲ್ಲಿ ನೆಲದಡಿ ಬಹಮನಿ ಕಾಲದ ಕರೇಜ್ ಇದೆ. ಜನ ಸುರಂಗ ಬಾವಿ ಎನ್ನುತ್ತಾರೆ. ಬೀದರ ಇರುವುದು ಕೆಮ್ಮಣ್ಣು ಕಲ್ಲಿನ ಎತ್ತರದ ನೆಲದ ಮೇಲೆ. ಮಳೆಯ ನೀರು ಇಂಗಿ ಆಳಕ್ಕೆ ಇಳಿಯುತ್ತದೆ. ಇರಾನಿನ ತಿಳಿವಳಿಕೆಯವರು ಆ ಕಲ್ಲಿನೊಳಗೆ ತುಸುವೇ ಇಳಿಜಾರಾದ ಸುರಂಗ ಕೊರೆದು, ಇಂಗಿದ ನೀರನ್ನು ತಾನಾಗಿ ಹರಿಯುವಂತೆ ಮಾಡಿದರು. ಗಾಳಿ ಬೆಳಕಿಗೆ, ಹೂಳು ತೆಗೆಯಲಿಕ್ಕೆ, ನೀರು ಸೇದಲಿಕ್ಕೆ ಅಲ್ಲಲ್ಲಿ ಮೇಲಿನಿಂದ ಬಾವಿ ತೋಡಿದರು. ಇಂಥ ಬಾಯಿಗಳು ಇಪ್ಪತ್ತಕ್ಕೂ ಹೆಚ್ಚು. ರಾಟೆ ಯಂತ್ರ ಬೇಡ, ಎತ್ತು ಬೇಡ. ಎಷ್ಟೋ ಕಾಲ ಇದು ಕಸ ತುಂಬಿ ಮರೆತುಹೋಗಿತ್ತು. 2014ರಲ್ಲಿ ಬೀದರದ ಹಳೆಯ ಊರು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನವರ ಕಾಳಜಿಯ ಪಟ್ಟಿಗೆ ಸೇರಿತು. ಆ ಮೇಲೆ ಹೂಳು ತೆಗೆಯುವ ಕೆಲಸ ನಡೆಯಿತು. ಬಾವಿಯ ಬಾಯಿಗೆ ಬಗ್ಗಿ ನೋಡಿದೆ. ಕೆಳಗೆ ತಣ್ಣಗೆ ನೀರು ಮಿನುಗಿತು. ಎಷ್ಟು ಕೊಡ, ಎಷ್ಟು ಕೈ ಈ ಬಾಯಿಗೆ ಬಂದಿರಬೇಕು! ಅವರ ಹೆಸರನ್ನೂ ಯಾರೂ ಬರೆದಿಡಲಿಲ್ಲ. ಬರಗಾಲದಲ್ಲಿ ಅತ್ತೆಯೂ ನಾನೂ ನಸುಕಿನಲ್ಲೆದ್ದು ಒಂದೇ ಹಗ್ಗ ಹಿಡಿದು ನೀರು ಸೇದಿದ ದಿನಗಳು ನೆನಪಿಗೆ ಬಂದವು. ಆಗ ನಾವು ಅಲ್ಲಮನ ಬಗ್ಗೆಯಾಗಲಿ ಅಹಮದ್ ಶಾಹನ ಬಗ್ಗೆಯಾಗಲಿ ಜಗಳಾಡಿರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಬಸ್ಸಿನವನಿಗೆ ಮೊದಲೇ ಹೇಳಿದೆ: ಈ ಸಲ ಅಷ್ಟೂರು. ಹೊತ್ತು ಸಾಲದೆಂದು ಪಾಪನಾಶವನ್ನು ಕೈಬಿಟ್ಟೆವು; ಮಾಡಿದ ಪಾಪ ಇನ್ನೊಂದು ವರ್ಷ ನಮ್ಮ ಹತ್ತಿರವೇ ಇರಲಿ ಎಂದು ಸಹೋದ್ಯೋಗಿಯೊಬ್ಬರು ತಮಾಷೆ ಮಾಡಿದರು. ನಾನು ಅತ್ತೆಯ ಪೆಟ್ಟಿಗೆಯಲ್ಲಿದ್ದ ಸಣ್ಣ ಕನ್ನಡಿಯನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಹುಡುಗಿಯರು ಸರದಿ ಮೇಲೆ ಅದನ್ನು ಹಿಡಿದು ಗುಮ್ಮಟದೊಳಗೆ ಬಿಸಿಲು ಬಿಟ್ಟರು. ಆಮೇಲೆ ರಾಣಿಯ ಗೋರಿ ಯಾವುದು ಎಂದು ಅವರಾಗಿಯೇ ಕೇಳಿದರು. ತೋರಿಸಿದೆ. ಎಂಟನೇ ಇಯತ್ತೆಯ ಒಬ್ಬಳು ಜಡೆಯಲ್ಲಿದ್ದ ಸೇವಂತಿಗೆ ತೆಗೆದು ಅದರ ಹೊಸ್ತಿಲ ಮೇಲಿಟ್ಟಳು. ಇಡಬಹುದೋ ಇಲ್ಲವೋ ಎಂದು ನನ್ನ ಮುಖ ನೋಡಿದಳು. ಈ ಸಲ ನಾನು ಯಾವ ಇಸವಿಯನ್ನೂ ಹೇಳಲಿಲ್ಲ.

ನೀವು ಬೀದರಕ್ಕೆ ಬಂದರೆ ಕೋಟೆ, ಮದರಸಾ ನೋಡಿಯೇ ನೋಡುತ್ತೀರಿ, ನೋಡಬೇಕು ಕೂಡ. ಆದರೆ ಅರ್ಧ ದಿನ ಉಳಿಸಿಕೊಳ್ಳಿ. ಚೌಬಾರದ ಹತ್ತಿರ ಬಳೆ ತೊಡುವಾಗ ಒಮ್ಮೆ ತಲೆಯೆತ್ತಿ ನೋಡಿ. ಅಷ್ಟೂರಿಗೆ ಬಿಸಿಲಿರುವಾಗ ಹೋಗಿ, ನೀರಿನ ಬಾಟಲಿಯ ಜೊತೆ ಒಂದು ಕನ್ನಡಿಯೂ ಇರಲಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ, ಅವರು ಹೇಳುವುದನ್ನು ಪೂರ್ತಿ ಕೇಳಿ.

ನನ್ನ ನೋಟ್ಸಿಗೆ ಈಗ ನರ್ಗಿಸ್ ಬೇಗಂ ಬಗ್ಗೆ ಐದು ಸಾಲು ಸೇರಿವೆ. ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ. ಆದರೂ ಬರೆದುಕೊಳ್ಳುತ್ತಾರೆ.